ಬಿಸಿಯೇರುವ ಬಂದೂಕು: ‘ಹೇಲೋ’ ಆಟದ ಆಯುಧಗಳನ್ನು ಕುರಿತು

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲೆ ಒಂದಾದ ಮೇಲೊಂದರಂತೆ ಬರುವ ಊರುಗಳು. ಇವುಗಳಲ್ಲಿ ಯಾವ ಊರಿನಲ್ಲಿ ಪಾಲಕರು ಒಂದೆಡೆ ಸೇರಿದರೂ ಮಕ್ಕಳ ಮೊಬೈಲಿನ ಮಾತು ಬಾರದೆ ಇರುವುದಿಲ್ಲ. ಮೊಬೈಲಿನ ಮಾತು ಬಂದರೆ ಗುಂಡು ಹಾರಿಸುವ ಆಟಗಳ ಮಾತು ಬಾರದೆ ಇರುವುದಿಲ್ಲ. “ದಿನಾ ಬರೇ ಹೊಡಿ, ಕೊಲ್ಲು ಅನ್ನೋದೇ ಆತ್ರೀ” ಎಂದು ತಾಯಂದಿರು ನೊಂದು ಹೇಳುತ್ತಾರೆ. ಗುರುಗಳೂ ಶಿಕ್ಷಕರೂ ತಲೆದೂಗಿ, ಇಂಥ ಆಟಗಳು ಎಳೆಯ ಮನಸ್ಸಿನಲ್ಲಿ ಹಿಂಸೆಯನ್ನು ಬಿತ್ತುತ್ತವೆ ಎಂದು ತೀರ್ಪು ಕೊಡುತ್ತಾರೆ. ತೀರ್ಪು ಕೊಟ್ಟವರಲ್ಲಿ ಹೆಚ್ಚಿನವರು ಆಟವನ್ನು ಕಂಡವರಲ್ಲ. ಓದದ ಪುಸ್ತಕವನ್ನು ವಿಮರ್ಶಿಸುವುದು ಸಲ್ಲದೆಂದು ಒಪ್ಪುವ ನಾವು, ನೋಡದ ಆಟವನ್ನು ಮಾತ್ರ ನಿರಾಯಾಸವಾಗಿ ಖಂಡಿಸುತ್ತೇವೆ. ಹುಡುಗರಿಗೆ ಇದು ಗೊತ್ತು. ಆದ್ದರಿಂದಲೇ ನಮ್ಮ ಖಂಡನೆ ಅವರ ಕಿವಿಯ ಹೊರಗೇ ನಿಂತುಬಿಡುತ್ತದೆ.

ಹೀಗಾಗಿ ಒಂದು ಆಟವನ್ನು, ಅದರಲ್ಲಿಯೂ ಅದರ ಆಯುಧಗಳನ್ನು, ಒಂದು ಕೃತಿಯನ್ನು ನೋಡುವ ಗೌರವದಿಂದ ನೋಡಬೇಕೆಂದು ಈ ಬರಹ. ನಾನು ಆರಿಸಿಕೊಂಡಿರುವುದು 2001ರ ನವೆಂಬರ್ 15ರಂದು ಅಮೆರಿಕದಲ್ಲಿ ಬಿಡುಗಡೆಯಾದ ‘ಹೇಲೋ: ಕಾಂಬ್ಯಾಟ್ ಇವಾಲ್ವ್ಡ್’ ಎಂಬ ವಿಜ್ಞಾನ ಕಲ್ಪನೆಯ ಆಟವನ್ನು. ಬಂಜೀ ಎಂಬ ಸಂಸ್ಥೆ ಇದನ್ನು ರೂಪಿಸಿತು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಯಂತ್ರದೊಂದಿಗೆ ಹೊರತಂದಿತು. 2003ರಲ್ಲಿ ಕಂಪ್ಯೂಟರಿಗೂ ಬಂತು. ನಮ್ಮ ಹುಡುಗರು ಹೆಚ್ಚಾಗಿ ಆಡುವುದು ಇದನ್ನಲ್ಲ, ಮೊಬೈಲಿನಲ್ಲಿ ಬರುವ ‘ಫ್ರೀ ಫೈರ್’ನಂಥ ಆಟಗಳನ್ನು ಎಂಬುದು ನಿಜ. ಆದರೆ ಇಂದಿನ ಗುಂಡಿನಾಟಗಳ ವ್ಯಾಕರಣದಲ್ಲಿ ಬಹುಭಾಗ ಜನಪ್ರಿಯವಾದದ್ದು ‘ಹೇಲೋ’ದಿಂದ. ವ್ಯಾಕರಣ ತಿಳಿದರೆ ಭಾಷೆಯ ಮಾತನ್ನು ತೂಗಿ ನೋಡಬಹುದು.

ಕಥೆ ದೊಡ್ಡದಲ್ಲ. ಇಪ್ಪತ್ತಾರನೆಯ ಶತಮಾನದಲ್ಲಿ ಮಾನವಕುಲವು ‘ಕವೆನೆಂಟ್’ ಎಂಬ ಅನ್ಯಗ್ರಹಗಳ ಧಾರ್ಮಿಕ ಒಕ್ಕೂಟದೊಡನೆ ಯುದ್ಧದಲ್ಲಿ ಸೋಲುತ್ತಿದೆ. ಸೋತು ಓಡುತ್ತಿರುವ ಒಂದು ಹಡಗು ಆಕಾಶದಲ್ಲಿ ತೇಲುವ ಬೃಹತ್ ಉಂಗುರವೊಂದನ್ನು ತಲುಪುತ್ತದೆ. ಉಂಗುರದ ಒಳಮೈಯಲ್ಲಿ ಸಮುದ್ರ, ಬೆಟ್ಟ, ಹುಲ್ಲುಗಾವಲು ಎಲ್ಲವೂ ಇವೆ. ಅಲ್ಲಿ ಇಳಿದ ‘ಮಾಸ್ಟರ್ ಚೀಫ್’ ಎಂಬ ಕವಚಧಾರಿ ಯೋಧನ ಕಣ್ಣಿನಿಂದ ನಾವು ಆ ಲೋಕವನ್ನು ನೋಡುತ್ತೇವೆ. ಪರದೆಯ ಕೆಳಗೆ ಬಲಮಗ್ಗುಲಲ್ಲಿ ಸದಾ ಒಂದು ಬಂದೂಕು. ಆಟವೆಲ್ಲ ನಡೆಯುವುದು ಆ ಬಂದೂಕಿನ ಮುಖಾಂತರವೇ.

ಇನ್ನು ಆಯುಧಗಳ ವಿಚಾರ. ಇದಕ್ಕಿಂತ ಮೊದಲು, 1993ರಲ್ಲಿ ಬಂದ ‘ಡೂಮ್’ ಆಟದ ನಾಯಕನು ಪಿಸ್ತೂಲಿನಿಂದ ಹಿಡಿದು ರಾಕೆಟ್ಟಿನವರೆಗೆ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಹೊತ್ತು ತಿರುಗುತ್ತಿದ್ದನು. ಬಂದೂಕಿಗೆ ಗುಂಡು ತುಂಬುವ ಗೋಜು ಸಹ ಅವನಿಗೆ ಇರಲಿಲ್ಲ. ‘ಹೇಲೋ’ ನಾಯಕನಿಗೆ ಅನುಮತಿ ಎರಡೇ ಆಯುಧಗಳಿಗೆ. ಮೂರನೆಯದು ಬೇಕಾದರೆ ಕೈಯಲ್ಲಿರುವ ಒಂದನ್ನು ನೆಲಕ್ಕೆ ಹಾಕಬೇಕು. ಈ ಸಣ್ಣ ನಿಯಮದಿಂದ ಎಷ್ಟು ದೊಡ್ಡ ವ್ಯತ್ಯಾಸವಾಯಿತೆಂದರೆ, ಬಂದೂಕುಗಳ ರಾಶಿಯ ಮುಂದೆ ನಿಂತ ಹುಡುಗ ಈಗ ಯೋಚಿಸಲೇಬೇಕು: ಮುಂದಿನ ಬಾಗಿಲಿನಾಚೆ ಯಾರಿದ್ದಾರೆ? ನಾನು ಏನನ್ನು ಬಿಟ್ಟು ಏನನ್ನು ಒಯ್ಯಲಿ?

ಮಾನವರ ಬಂದೂಕುಗಳು ಸೀಸದ ಗುಂಡಿನವು. ಮುಖ್ಯವಾದ ರೈಫಲಿಗೆ ಒಮ್ಮೆಗೆ 60 ಗುಂಡುಗಳು. ಉಳಿದ ಗುಂಡುಗಳ ಸಂಖ್ಯೆಯು ಬಂದೂಕಿನ ಬೆನ್ನ ಮೇಲೆಯೇ ನೀಲಿ ಅಂಕೆಗಳಲ್ಲಿ ಇಳಿಯುತ್ತ ಹೋಗುತ್ತದೆ. ಅದು ಸೊನ್ನೆಗೆ ಬಂದಾಗ ಹೊಸ ಮ್ಯಾಗಜೀನು ತೊಡಿಸುವವರೆಗೆ ಯೋಧನು ನಿರಾಯುಧನೇ ಸರಿ. ಕವೆನೆಂಟ್ ಪಡೆಯ ಪ್ಲಾಸ್ಮಾ ಆಯುಧಗಳಲ್ಲಿ ಗುಂಡೇ ಇಲ್ಲ, ತುಂಬುವ ಕೆಲಸವೂ ಇಲ್ಲ. ಒಳಗಿನ ಬ್ಯಾಟರಿ ತೀರುವವರೆಗೆ ಉರಿಯ ಉಂಡೆಗಳನ್ನು ಉಗುಳುತ್ತವೆ. ಆದರೆ ಬಟನ್ ಒತ್ತಿಯೇ ಇದ್ದರೆ ಪ್ಲಾಸ್ಮಾ ರೈಫಲು ಬಿಸಿಯೇರಿ ನಿಂತುಬಿಡುತ್ತದೆ. ಆವಿ ಬಿಟ್ಟು ತಣಿಯುವವರೆಗೆ ಅದನ್ನು ಹಿಡಿದವನು ಕಾಯಲೇಬೇಕು. ಪ್ಲಾಸ್ಮಾ ಪಿಸ್ತೂಲಿನದು ಇನ್ನೊಂದು ಗುಣ: ಬಟನ್ನನ್ನು ಒತ್ತಿ ಹಿಡಿದರೆ ಅದರ ಬಾಯಿಯಲ್ಲಿ ಹಸಿರು ಗೋಳವೊಂದು ಉಬ್ಬುತ್ತದೆ, ಬಿಟ್ಟಾಗ ಆ ಗೋಳ ಎದುರಾಳಿಯನ್ನು ಹುಡುಕಿಕೊಂಡು ಹೋಗಿ ಅವನ ಶಕ್ತಿಕವಚವನ್ನು ಒಂದೇ ಪೆಟ್ಟಿಗೆ ಬರಿದು ಮಾಡುತ್ತದೆ. ಕವಚ ಬಿದ್ದವನ ತಲೆಗೆ ಮಾನವರ ಪಿಸ್ತೂಲಿನ ಒಂದು ಗುಂಡು ಸಾಕು. ಉರಿ ಕವಚಕ್ಕೆ, ಸೀಸ ಮೈಗೆ: ಆಟ ಬಲ್ಲವರೆಲ್ಲರೂ ಕಲಿಯುವ ಮೊದಲ ಸೂತ್ರ ಇದು. ಎರಡು ಆಯುಧಗಳ ನಿಯಮವು ಈ ಸೂತ್ರಕ್ಕಾಗಿಯೇ ಇದೆಯೇನೋ ಎನ್ನಿಸುತ್ತದೆ.

‘ನೀಡ್ಲರ್’ ಎಂಬುದೊಂದಿದೆ; ಗುಲಾಬಿ ಬಣ್ಣದ ಗಾಜಿನ ಸೂಜಿಗಳನ್ನು ಎಸೆಯುವ ಆಯುಧ. ಸೂಜಿಗಳು ಎದುರಾಳಿಯತ್ತ ತಾವಾಗಿಯೇ ಬಾಗಿ ಹೋಗುತ್ತವೆ, ಮೈಗೆ ನಾಟುತ್ತವೆ. ಸಾಕಷ್ಟು ನಾಟಿದಾಗ ಒಟ್ಟಾಗಿ ಸಿಡಿಯುತ್ತವೆ. ಕೇಳಲು ಭಯಂಕರ. ಆದರೆ ಸೂಜಿಗಳ ವೇಗ ಕಡಿಮೆ. ಪಕ್ಕಕ್ಕೆ ಹಾರಿದವನು, ಕಂಬದ ಮರೆಗೆ ಸರಿದವನು ಬದುಕಿಕೊಳ್ಳುತ್ತಾನೆ. ದೂರದಿಂದ ಕೊಲ್ಲುವ ಸ್ನೈಪರ್ ರೈಫಲಿಗೆ ನಾಲ್ಕೇ ಗುಂಡು. ಅದು ಕೂಡ, ಹೆಣಗಳೊಳಗೆ ಹೊಕ್ಕು ಅವನ್ನು ನಡೆಸುವ ‘ಫ್ಲಡ್’ ಎಂಬ ಪರೋಪಜೀವಿಗಳ ಮುಂದೆ ನಿಷ್ಪ್ರಯೋಜಕ. ಗುಂಡು ಅವುಗಳ ಮೈಯನ್ನು ಸುಮ್ಮನೆ ತೂರಿಹೋಗುತ್ತದೆ. ಅಲ್ಲಿ ಹತ್ತಿರದಿಂದ ಹೊಡೆಯುವ ಷಾಟ್‌ಗನ್ನೇ ಬೇಕು.

ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಸತ್ಯಾಂಶ ಅಲ್ಪ. ಪ್ಲಾಸ್ಮಾ ಎಂದರೆ ಅತಿಯಾಗಿ ಕಾದು ವಿದ್ಯುದಂಶಗಳಾಗಿ ಒಡೆದ ಅನಿಲ. ಸಿಡಿಲಿನ ಗೆರೆಯಲ್ಲಿ, ವೆಲ್ಡಿಂಗ್ ಅಂಗಡಿಯ ಕಿಡಿಯಲ್ಲಿ ನಾವು ಅದನ್ನೇ ಕಾಣುತ್ತೇವೆ. ಅದನ್ನು ಉಂಡೆ ಕಟ್ಟಿ ಗಾಳಿಯಲ್ಲಿ ನೂರು ಮಾರು ಎಸೆಯಲಾಗದು. ಹೊರಬಂದ ಕ್ಷಣವೇ ಹಿಗ್ಗಿ, ಗಾಳಿಯಲ್ಲಿ ಬೆರೆತು ತಣ್ಣಗಾಗುತ್ತದೆ. ಆಟದಲ್ಲಿ ಉರಿಯ ಉಂಡೆಗಳು ನಿಧಾನವಾಗಿ ತೇಲಿ ಬರುವುದಕ್ಕೆ ಕಾರಣ ಭೌತಶಾಸ್ತ್ರವಲ್ಲ, ನ್ಯಾಯ. ನಿಧಾನವಾಗಿ ಬಂದರೆ ಮಾತ್ರ ಆಡುವವನು ಅದನ್ನು ಕಂಡು ತಪ್ಪಿಸಿಕೊಳ್ಳಬಲ್ಲನು. ‘ಡೂಮ್’ನಲ್ಲಿಯೂ ಹಾಗೆಯೇ: ಪಿಸ್ತೂಲು ಹಾರಿಸಿದ ಕ್ಷಣಕ್ಕೇ ಯಂತ್ರವು ಒಂದು ನೇರ ಗೆರೆಯನ್ನು ಲೆಕ್ಕ ಹಾಕಿ, ಗೆರೆಗೆ ಸಿಕ್ಕಿದವನನ್ನು ಬೀಳಿಸುತ್ತದೆ, ರಾಕೆಟ್ಟು ಮಾತ್ರ ಒಂದು ವಸ್ತುವಾಗಿ ಹಾರಿ ಬರುತ್ತದೆ. ಹೆಚ್ಚು ಘಾತಕವಾದದ್ದು ನಿಧಾನವಾಗಿರಬೇಕು, ವೇಗವಾದದ್ದು ಕಡಿಮೆ ಘಾತಕವಾಗಿರಬೇಕು ಎಂಬುದು ಈ ಕಲೆಯ ಹಳೆಯ ಕಟ್ಟಳೆ. ಆದ್ದರಿಂದ ಇಂಥ ಆಟದಲ್ಲಿ ಆಯುಧವು ಕೆಲಸ ಮಾಡುವುದು ತನ್ನ ಬಲದಿಂದಲ್ಲ; ತನ್ನ ಮಿತಿಯಿಂದ. ವಿಜ್ಞಾನ ಅದರ ಉಡುಪು, ಮಿತಿಯೇ ಅದರ ಯಂತ್ರ.

ಈ ಮಿತಿಯನ್ನು ಎಷ್ಟು ಸೂಕ್ಷ್ಮವಾಗಿ ಕಡೆಯಲಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗ. ಬಂಜೀ ಸಂಸ್ಥೆಯಲ್ಲಿ ಆಯುಧಗಳ ವಿನ್ಯಾಸ ನೋಡಿಕೊಳ್ಳುತ್ತಿದ್ದ ಜೇಮೀ ಗ್ರೀಸ್‌ಮರ್ 2010ರಲ್ಲಿ ಆಟ ತಯಾರಕರ ಸಮ್ಮೇಳನದಲ್ಲಿ ಒಂದು ಉಪನ್ಯಾಸವನ್ನೇ ಕೊಟ್ಟರು. ವಿಷಯವೇನು ಗೊತ್ತೇ? ‘ಹೇಲೋ 3’ ಆಟದ ಸ್ನೈಪರ್ ರೈಫಲಿನಲ್ಲಿ ಒಂದು ಗುಂಡಿಗೂ ಮತ್ತೊಂದಕ್ಕೂ ನಡುವಿನ ಕಾಲವನ್ನು 0.5 ಸೆಕೆಂಡಿನಿಂದ 0.7 ಸೆಕೆಂಡಿಗೆ ಏರಿಸಿದ್ದು. ಸೆಕೆಂಡಿನ ಹತ್ತರಲ್ಲೆರಡು ಭಾಗಕ್ಕಾಗಿ ಒಂದು ಉಪನ್ಯಾಸ! ದೂರದ ಕೆಲಸಕ್ಕೆಂದು ಇದ್ದ ಆಯುಧವು ಎಲ್ಲ ಕೆಲಸಕ್ಕೂ ಒದಗತೊಡಗಿದಾಗ ಉಳಿದ ಆಯುಧಗಳು ಅರ್ಥ ಕಳೆದುಕೊಳ್ಳುತ್ತವೆ. ಅದನ್ನು ತಡೆಯಲು ಅದರ ಕೈಗೆ ಇಷ್ಟು ವಿಳಂಬವನ್ನು ಕಟ್ಟಲಾಯಿತು. ಪದ್ಯದ ಮಾತ್ರೆ ಎಣಿಸುವ ನಮ್ಮ ಛಂದಸ್ಸಿನ ಪಂಡಿತರಿಗೆ ಇದು ವಿಚಿತ್ರವೆನಿಸಲಾರದು.

ಹೊಡೆತ ಮತ್ತು ಹೊಡೆತದ ನಡುವಿನ ಈ ವಿರಾಮ ನಮ್ಮ ಎಡೆದೊರೆ ನಾಡಿಗೆ ಹೊಸದಲ್ಲ. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ಸೀಮೆಯ ಚರಿತ್ರೆಯ ಒಂದು ದೊಡ್ಡ ತಿರುವು ಅಂಥದೊಂದು ವಿರಾಮದಲ್ಲಿಯೇ ಅಡಗಿದೆ. 1520ರ ಮೇ 19ರಂದು ರಾಯಚೂರಿನ ಸಮೀಪದಲ್ಲಿ ಕೃಷ್ಣದೇವರಾಯನ ಸೇನೆಯೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಷಾನ ಸೇನೆಯೂ ಎದುರಾದವು. ಫಿರಂಗಿಗಳ ಬಲ ಆದಿಲ್‌ಷಾನದು. ವಿಜಯನಗರದ ಮುಂಚೂಣಿ ಮುನ್ನುಗ್ಗಿದಾಗ ಅವನ ಫಿರಂಗಿಗಳೆಲ್ಲವೂ ಒಟ್ಟಿಗೆ ಗುಂಡು ಹಾರಿಸಿದವೆಂದೂ, ರಾಯನ ಕಡೆಯವರು ರಾಶಿಯಾಗಿ ಬಿದ್ದು ಸಾಲು ಮುರಿಯಿತೆಂದೂ ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಬರೆದಿದ್ದಾನೆ. ಮುಂದೇನಾಯಿತು? ಒಟ್ಟಿಗೆ ಹಾರಿಸಿದ ಫಿರಂಗಿಗಳು ಒಟ್ಟಿಗೇ ಬರಿದಾದವು. ಆ ಕಾಲದ ಫಿರಂಗಿಯ ಕೊಳವೆಯನ್ನು ಒರೆಸಿ, ಮದ್ದು ಸುರಿದು, ದಟ್ಟಿಸಿ, ಗುಂಡು ಇಳಿಸಿ, ಮತ್ತೆ ಕಿಚ್ಚಿಡುವಷ್ಟರಲ್ಲಿ ಕುದುರೆ ಸವಾರನು ಬಹುದೂರ ಬಂದುಬಿಡುತ್ತಾನೆ. ರಾಯನು ತಾನೇ ಎರಡನೆಯ ಸಾಲಿನೊಂದಿಗೆ ನುಗ್ಗಿದನು. ಬಿಜಾಪುರದ ಸೇನೆ ಕೃಷ್ಣಾ ನದಿಯವರೆಗೆ ಬೆನ್ನಟ್ಟಿಸಿಕೊಂಡಿತು. ನ್ಯೂನಿಜ್ ಕೊಡುವ ಲೆಕ್ಕವನ್ನು ನಂಬುವುದಾದರೆ ರಾಯನ ಕೈಗೆ ಸಿಕ್ಕ ದೊಡ್ಡ ಫಿರಂಗಿಗಳೇ 400.

ಇದಾದ ಮೇಲೆ ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಕೆಲವೇ ಬಂದೂಕುಗಾರರೊಡನೆ ರಾಯನಿಗೆ ನೆರವಾದನು. ಕೋಟೆಯ ಮೇಲಿದ್ದವರಿಗೆ ಕೈಬಂದೂಕಿನ ಗುರಿಯ ಅಭ್ಯಾಸವಿರಲಿಲ್ಲ. ನಿರ್ಭಯವಾಗಿ ತಲೆ ಎತ್ತುತ್ತಿದ್ದರು. ಅವರನ್ನು ಒಬ್ಬೊಬ್ಬರನ್ನಾಗಿ ಬೀಳಿಸಿದ್ದರಿಂದ ಗೋಡೆಯ ಬುಡದಲ್ಲಿ ಕಲ್ಲು ಕೀಳುತ್ತಿದ್ದವರಿಗೆ ದಾರಿಯಾಯಿತು. ದೊಡ್ಡ ಫಿರಂಗಿಯ ಕೆಲಸ ಒಂದು, ಸಣ್ಣ ಬಂದೂಕಿನ ಕೆಲಸ ಇನ್ನೊಂದು. ಒಂದು ಮಾಡಲಾರದ್ದನ್ನು ಮತ್ತೊಂದು ಮಾಡುತ್ತದೆ. ‘ಹೇಲೋ’ ಆಡುವ ಹುಡುಗನಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ, ಹೇಳಿದರೆ ಸಾಕು. ಅವನು ಅದನ್ನು ನಮ್ಮ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಮಾಡಿಕೊಂಡಾನು. ಇತಿಹಾಸಕಾರ ರಿಚರ್ಡ್ ಈಟನ್ ಈ ಯುದ್ಧದ ಬಗೆಗೆ ಬರೆಯುತ್ತ, ಗೆದ್ದವರು ಫಿರಂಗಿಯಿಂದ ಪಾಠ ಕಲಿಯಲಿಲ್ಲ, ಸೋತವರು ಕಲಿತರು ಎಂಬ ಅರ್ಥ ಬರುವಂತೆ ವಾದಿಸುತ್ತಾರೆ. 1565ರಲ್ಲಿ ವಿಜಯನಗರವು ಅದರ ಬೆಲೆ ತೆತ್ತಿತು.

ಹಾಗಾದರೆ ಆಟವು ಯುದ್ಧದ ಪಾಠಶಾಲೆಯೇ? ಅಲ್ಲ. ಯುದ್ಧದಲ್ಲಿ ಆಯುಧಕ್ಕಿರುವ ಅರ್ಧದಷ್ಟು ಗುಣಗಳು ಆಟದ ಆಯುಧಕ್ಕಿಲ್ಲ. ಅದಕ್ಕೆ ಭಾರವಿಲ್ಲ. ಅದನ್ನು ಎಳೆಯುವ ಎತ್ತುಗಳಿಲ್ಲ, ಎತ್ತುಗಳನ್ನು ಕಸಿದುಕೊಂಡದ್ದರಿಂದ ಬಿತ್ತನೆಯಾಗದೆ ಉಳಿದ ಹೊಲವಿಲ್ಲ. ಹಾರಿಸಿದವನ ಮೇಲೆ ಅದರ ಪರಿಣಾಮವೂ ಇಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ನೋಡಿದವರಿಗೆ ಅದರ ಪಕ್ಕದ ನೀರಿನ ತೊಟ್ಟಿಯ ಕಥೆ ನೆನಪಿರಬಹುದು. ಕಿಚ್ಚಿಟ್ಟವನು ಒಡನೆಯೇ ಆ ನೀರಿನಲ್ಲಿ ಮುಳುಗುತ್ತಿದ್ದನಂತೆ. ಇಲ್ಲವಾದರೆ ಸದ್ದಿಗೆ ಕಿವಿ ಒಡೆಯುತ್ತಿತ್ತಂತೆ. ತೋಪಿನ ಬಾಯಿಯನ್ನು ಆನೆಯನ್ನು ಜಗಿಯುವ ಸಿಂಹದಂತೆ ಕಡೆದಿದ್ದಾರೆ. ಆಯುಧಕ್ಕೆ ವೇಷ ತೊಡಿಸುವ ಚಪಲ ಹಳೆಯದು ಎಂಬುದಕ್ಕೆ ಅದು ಸಾಕ್ಷಿ. ಆದರೆ ವೇಷದ ಪಕ್ಕದಲ್ಲಿಯೇ ಆ ತೊಟ್ಟಿಯೂ ಇದೆ. ಆಟದಲ್ಲಿ ವೇಷವಿದೆ, ತೊಟ್ಟಿಯಿಲ್ಲ.

ರಕ್ತವು ಎಷ್ಟು ಚೆಲ್ಲಿತು ಎಂದು ಎಣಿಸುವ ಬದಲು ಗಾಯವು ಏನಾಯಿತು ಎಂದು ಕೇಳುವುದು ಒಳ್ಳೆಯ ವಿಮರ್ಶೆ ಎಂದು ನನಗೆ ತೋರುತ್ತದೆ. ಈ ವಿಷಯದಲ್ಲಿ ಮೊದಲ ‘ಹೇಲೋ’ಗೂ 2004ರ ‘ಹೇಲೋ 2’ಗೂ ಇರುವ ಅಂತರ ಗಮನಾರ್ಹ. ಮೊದಲನೆಯದರಲ್ಲಿ ನಾಯಕನಿಗೆ ಎರಡು ರಕ್ಷೆಗಳು: ಹೊರಗೆ ಶಕ್ತಿಕವಚ, ಒಳಗೆ ದೇಹ. ಕವಚವು ಪೆಟ್ಟು ತಿಂದರೂ ಕೆಲವು ಕ್ಷಣ ಮರೆಯಲ್ಲಿ ನಿಂತರೆ ತಾನಾಗಿ ತುಂಬಿಕೊಳ್ಳುತ್ತದೆ. ದೇಹ ಹಾಗಲ್ಲ. ಎಂಟು ಮನೆಗಳ ಪಟ್ಟಿಯೊಂದರಲ್ಲಿ ಅದರ ಆರೋಗ್ಯ ತೋರುತ್ತದೆ. ಒಂದು ಮನೆ ಅಳಿದರೆ ಎಲ್ಲಿಯಾದರೂ ಔಷಧದ ಪೆಟ್ಟಿಗೆ ಸಿಗುವವರೆಗೆ ಅದು ಅಳಿದೇ ಇರುತ್ತದೆ. ಹತ್ತು ನಿಮಿಷದ ಹಿಂದೆ ಮಾಡಿದ ದುಡುಕಿನ ಗಾಯವನ್ನು ಹೊತ್ತುಕೊಂಡೇ ಮುಂದಿನ ಕಾಳಗಕ್ಕೆ ಹೋಗಬೇಕು. ‘ಹೇಲೋ 2’ ಆ ಪಟ್ಟಿಯನ್ನು ತೆಗೆದುಹಾಕಿತು. ಔಷಧದ ಪೆಟ್ಟಿಗೆಯೂ ಹೋಯಿತು. ದೇಹವೂ ಕವಚದಂತೆ ತಾನಾಗಿ ಮಾಯತೊಡಗಿತು. ಆಟ ಸರಾಗವಾಯಿತು, ನಿಜ. ಅನೇಕ ಆಟಗಳು ಈ ದಾರಿಯನ್ನೇ ಹಿಡಿದವು. ಆದರೆ ಗೋಡೆಯ ಮರೆಯಲ್ಲಿ ಐದಾರು ಸೆಕೆಂಡು ಉಸಿರು ಬಿಗಿಹಿಡಿದರೆ ಎಂಥ ಗಾಯವೂ ಮಾಯುತ್ತದೆ ಎಂಬ ಮಾತನ್ನು ಹುಡುಗನೊಬ್ಬ ಸಾವಿರ ಸಲ ಕೈಯಾರೆ ಆಡಿ ಕಲಿಯುವುದು ಬಂದೂಕಿನ ಸದ್ದಿಗಿಂತ ಹೆಚ್ಚು ಯೋಚಿಸತಕ್ಕ ವಿಷಯ. ಅಪಘಾತದ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಾರೂ ಅದನ್ನು ಒಪ್ಪಲಾರರು.

ಇಲ್ಲಿ ನಮ್ಮ ನಾಡಿನದೇ ಒಂದು ಆಟದ ಪ್ರಸ್ತಾಪ ಉಚಿತ. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆ 2021ರ ಜನವರಿ 26ರಂದು ‘ಫೌಜಿ’ ಎಂಬ ಮೊಬೈಲ್ ಆಟವನ್ನು ಹೊರತಂದಿತು. 2020ರ ಗಲ್ವಾನ್ ಕಣಿವೆಯ ಘರ್ಷಣೆ ಅದರ ವಸ್ತು. ವಾಸ್ತವ ನಿಯಂತ್ರಣ ರೇಖೆಯ ಬಳಿ ಗುಂಡು ಹಾರಿಸಕೂಡದೆಂದು ಭಾರತ-ಚೀನಗಳ ನಡುವೆ 1996ರಲ್ಲಿ ಆಗಿದ್ದ ಒಪ್ಪಂದದ ಕಾರಣ ಅಲ್ಲಿ ಸೈನಿಕರು ಬಂದೂಕು ಹಾರಿಸದೆ ಕೈಗೈ ಮಿಲಾಯಿಸಿ ಹೋರಾಡಿದ್ದರು. ಆಟದ ಮೊದಲ ಆವೃತ್ತಿಯಲ್ಲಿಯೂ ಬಂದೂಕು ಇರಲಿಲ್ಲ. ಮುಷ್ಟಿ ಮತ್ತು ಕೈಗೆ ಸಿಕ್ಕ ಬಡಿಗೆಗಳಷ್ಟೇ. ಬಂದೂಕಿನಾಟವನ್ನು ನಿರೀಕ್ಷಿಸಿದ್ದವರು ಬೇಸರಪಟ್ಟುಕೊಂಡರು. ಆಟವಾಗಿ ಅದು ಸೊರಗಿದ್ದು ಎಂಬುದನ್ನು ಒಪ್ಪಲೇಬೇಕು. ಆದರೂ ನಿಜವಾದ ಸೈನಿಕರ ಕೈಯನ್ನು ಕಟ್ಟಿದ್ದ ಮಿತಿಯೊಂದು, ಬೇಕೆಂದೋ ಬೇಡವೆಂದೋ, ಆಟದ ಮಿತಿಯೂ ಆಗಿ ಬಂದದ್ದು ಅಪರೂಪ.

ಮೊಬೈಲಿನ ಜನಪ್ರಿಯ ಆಟಗಳಿಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ‘ಪಬ್‌ಜಿ ಮೊಬೈಲ್’ ಅನ್ನು ಕೇಂದ್ರ ಸರ್ಕಾರವು 2020ರ ಸೆಪ್ಟೆಂಬರಿನಲ್ಲಿಯೂ ‘ಫ್ರೀ ಫೈರ್’ ಅನ್ನು 2022ರ ಫೆಬ್ರವರಿಯಲ್ಲಿಯೂ ನಿಷೇಧಿಸಿತು. ಎರಡೂ ಸಂದರ್ಭಗಳಲ್ಲಿ ಕಾರಣ ಹಿಂಸೆಯಲ್ಲ, ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಸುರಕ್ಷತೆ. ಒಂದು 2021ರಲ್ಲಿ ಹೊಸ ಹೆಸರಿನಿಂದ ಬಂತು. ಇನ್ನೊಂದರ ‘ಮ್ಯಾಕ್ಸ್’ ಎಂಬ ಆವೃತ್ತಿ ಉಳಿದುಕೊಂಡಿತು. ‘ಫ್ರೀ ಫೈರ್’ನಲ್ಲಿಯೂ ಆಯುಧಗಳಿಗೆ ಮಿತಿಗಳಿವೆ, ಎಸೆದ ಕ್ಷಣಕ್ಕೆ ಎದ್ದು ನಿಲ್ಲುವ ‘ಗ್ಲೂ ವಾಲ್’ ಎಂಬ ಗೋಡೆಯ ಉಪಾಯ ನಿಜಕ್ಕೂ ಚತುರವಾದದ್ದು. ಆದರೆ ಅಲ್ಲಿ ಬಂದೂಕಿನ ‘ಸ್ಕಿನ್’ ಎಂಬ ಹೊದಿಕೆಗಳನ್ನು ಕೊಳ್ಳಬಹುದು, ಮತ್ತು ಅವುಗಳಲ್ಲಿ ಹಲವು ಬರಿಯ ಬಣ್ಣವಲ್ಲ. ಹೊದಿಕೆ ತೊಡಿಸಿದ ಬಂದೂಕಿನ ಪೆಟ್ಟಿನ ಬಲವೋ ಹಾರಿಸುವ ವೇಗವೋ ಹೆಚ್ಚುತ್ತದೆ. ಕಣ್ಣೊರೆಸಲು ಬೇರೊಂದು ಗುಣವನ್ನು ತುಸು ತಗ್ಗಿಸಿರುತ್ತಾರೆ. ಅವುಗಳಿಗೆ ‘ಡೈಮಂಡ್’ ಬೇಕು, ಡೈಮಂಡಿಗೆ ಹಣ ಬೇಕು. ಎಷ್ಟೋ ಹೊದಿಕೆಗಳು ನೇರವಾಗಿ ಮಾರಾಟಕ್ಕೂ ಇಲ್ಲ. ಚಕ್ರ ತಿರುಗಿಸಿ ಅದೃಷ್ಟ ನೋಡಬೇಕು.

ಗ್ರೀಸ್‌ಮರ್ ಸೆಕೆಂಡಿನ ಹತ್ತರಲ್ಲೆರಡು ಭಾಗಕ್ಕಾಗಿ ತಲೆ ಕೆಡಿಸಿಕೊಂಡರು ಎಂದೆನಲ್ಲವೇ? ಅದೇ ಅಳತೆಯನ್ನು ಇಲ್ಲಿ ಅಂಗಡಿಯಲ್ಲಿಟ್ಟು ಮಾರಲಾಗುತ್ತದೆ. ‘ಹೇಲೋ’ದಲ್ಲಿ ನಾಲ್ವರು ಗೆಳೆಯರು ಒಂದೇ ಪರದೆಯನ್ನು ಹಂಚಿಕೊಂಡು ಆಡುವಾಗ ಎಲ್ಲರೂ ಒಂದೇ ಬಗೆಯ ಆಯುಧದಿಂದ ಪ್ರಾರಂಭಿಸುತ್ತಾರೆ; ನೆಲದ ಮೇಲೆ ಬಿದ್ದದ್ದು ಮೊದಲು ಓಡಿದವನಿಗೆ. ತಂದೆಯ ಸಂಬಳ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಭತ್ತದ ಗದ್ದೆಯಲ್ಲಿ ಕೂಲಿ ಮಾಡುವವರ ಮಗನೂ ಅಂಗಡಿಯವರ ಮಗನೂ ಒಂದೇ ದ್ವೀಪದಲ್ಲಿ ಇಳಿಯುವ ಮೊಬೈಲಿನ ಆಟದಲ್ಲಿ ಅದು ಬರುತ್ತದೆ. 1565ರ ಯುದ್ಧದಲ್ಲಿ ಅಹಮದ್‌ನಗರದ ಫಿರಂಗಿಗಾರರು ಕೊಳವೆಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ವಿಜಯನಗರದವರ ಮೇಲೆ ಹಾರಿಸಿದರೆಂದು ಫೆರಿಷ್ತಾ ದಾಖಲಿಸಿದ್ದಾನೆ. ಕೃಷ್ಣೆಯ ದಡದ ಆ ರಣಭೂಮಿ ಲಿಂಗಸುಗೂರಿಗೆ ಅಷ್ಟೇನೂ ದೂರವಲ್ಲ. ನಾಣ್ಯವನ್ನೇ ಗುಂಡಾಗಿಸುವ ಆ ಉಪಾಯಕ್ಕೆ ಮೊಬೈಲಿನಲ್ಲಿ ಮರುಜನ್ಮ ಬಂದಿದೆ. ಪಾಲಕರ ಸಭೆಯಲ್ಲಿ ಆಕ್ಷೇಪವೆತ್ತುವುದಾದರೆ ಇದರ ಮೇಲೆ ಎತ್ತಬೇಕು.

ಮತ್ತೆ ‘ಹೇಲೋ’ಗೆ ಬರೋಣ, ಅದರ ಅತಿದೊಡ್ಡ ಆಯುಧದ ವಿಷಯ ಇನ್ನೂ ಹೇಳಿಲ್ಲ. ಕ್ರೈಸ್ತ ಓದುಗನಿಗೆ ಈ ಆಟದ ಹೆಸರುಗಳೇ ಮೊದಲು ಕಿವಿ ನಿಮಿರಿಸುತ್ತವೆ. ಕವೆನೆಂಟ್ ಎಂದರೆ ಒಡಂಬಡಿಕೆ. ಅದನ್ನು ಆಳುವವರ ಬಿರುದು ಪ್ರವಾದಿಗಳು. ಫ್ಲಡ್ ಎಂದರೆ ಜಲಪ್ರಳಯ. ಮುಂದಿನ ಭಾಗಗಳಲ್ಲಿ ಆರ್ಕ್ ಎಂಬ ನಾವೆಯೂ ಬರುತ್ತದೆ. ಹೇಲೋ ಎಂದರೆ ಸಂತರ ಚಿತ್ರಪಟಗಳಲ್ಲಿ ತಲೆಯ ಹಿಂದೆ ಬರೆಯುವ ಪ್ರಭಾವಳಿ. ಆ ಸುಂದರ ಉಂಗುರ, ಹುಲ್ಲುಗಾವಲಿನ ಆ ಲೋಕ, ವಾಸ್ತವದಲ್ಲಿ ಒಂದು ಆಯುಧ. ಅಂಥವು ಏಳು ಇವೆ. ಒಂದೊಂದರ ವ್ಯಾಪ್ತಿ 25,000 ಜ್ಯೋತಿರ್ವರ್ಷಗಳು. ಅದನ್ನು ಹಚ್ಚಿದರೆ ಫ್ಲಡ್ ಜೀವಿಗಳು ಸಾಯುವುದಿಲ್ಲ. ಅವುಗಳಿಗೆ ಆಹಾರವಾಗಬಲ್ಲ, ಬುದ್ಧಿಯುಳ್ಳ ಜೀವಿಗಳೆಲ್ಲ ಸತ್ತು ಅವು ಉಪವಾಸ ಬೀಳುತ್ತವೆ. ರೋಗವನ್ನು ತಡೆಯಲು ರೋಗಿಗಳನ್ನೆಲ್ಲ ಕೊಲ್ಲುವ ಚಿಕಿತ್ಸೆ. ಅದನ್ನು ಕಟ್ಟಿದವರು ಬಹಳ ಹಿಂದೆ ಒಮ್ಮೆ ಅದನ್ನು ಹಚ್ಚಿ ತಾವೂ ಅಳಿದುಹೋದರು. ಕವೆನೆಂಟ್ ಒಕ್ಕೂಟವಾದರೋ ಆ ಉಂಗುರಗಳನ್ನು ಪೂಜಿಸುತ್ತದೆ. ಅವುಗಳನ್ನು ಹಚ್ಚಿದರೆ ತಾವು ಮುಕ್ತಿಯ ಮಹಾಪ್ರಯಾಣ ಕೈಗೊಳ್ಳುವೆವೆಂದು ನಂಬುತ್ತದೆ.

ಇದನ್ನು ಧರ್ಮದ ಅವಹೇಳನವೆಂದು ಓದಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಡೀ ಆಟದಲ್ಲಿ ಮಿತಿಯಿಲ್ಲದ ಆಯುಧವೆಂದರೆ ಇದೊಂದೇ: ಬಿಸಿಯೇರುವುದಿಲ್ಲ, ಗುರಿಯಿಲ್ಲ, ತಪ್ಪಿಸಿಕೊಳ್ಳಲು ಮರೆಯಿಲ್ಲ, ಎರಡನೆಯ ಸಲ ಹಾರಿಸುವ ಅಗತ್ಯವೂ ಇಲ್ಲ. ಮಿತಿಯಿಲ್ಲದ ಆಯುಧವನ್ನೇ ಅವರು ದೇವರೆಂದು ತಿಳಿದರು ಎಂಬುದು ಕಥೆಯ ತಿರುಳು. ಇಸ್ರಯೇಲರ ಚಿನ್ನದ ಕರುವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ‘ಹೇಲೋ 2’ರಲ್ಲಿ ಆಟದ ಅರ್ಧಭಾಗವನ್ನು ನಾವು ಕವೆನೆಂಟ್ ಪಡೆಯ ಒಬ್ಬ ಯೋಧನಾಗಿಯೇ ಆಡಬೇಕಾಗುತ್ತದೆ. ಪ್ರವಾದಿಗಳು ಹೇಳಿದ್ದು ಸುಳ್ಳೆಂದು ಅವನು ನಿಧಾನವಾಗಿ ಅರಿತುಕೊಳ್ಳುತ್ತಾನೆ. ಹಿಂದಿನ ಭಾಗದಲ್ಲಿ ನಮ್ಮತ್ತ ಬೀಸಿ ಬರುತ್ತಿದ್ದ ಉರಿಯ ಖಡ್ಗವು ಈಗ ನಮ್ಮ ಕೈಯಲ್ಲಿದೆ, ಎದುರಾಳಿಗೂ ಒಂದು ಅಂತಃಸಾಕ್ಷಿಯಿದೆ ಎಂಬ ಅರಿವಿನೊಡನೆ. ಗುಂಡಿನಾಟಗಳಲ್ಲಿ ಇಷ್ಟು ದೂರ ಹೋದವು ಬಹಳವಿಲ್ಲ.

ಹೋಗದೆ ಉಳಿದ ದೂರವೂ ಇದೆ. ಕೊಂದ ಮೇಲೆ ಕೊಂದವನು ಏನಾದನು ಎಂಬುದನ್ನು ಈ ಆಟ ಹೇಳುವುದಿಲ್ಲ. ಬಿದ್ದವರ ದೇಹಗಳು ಸ್ವಲ್ಪ ಹೊತ್ತಿಗೆ ಪರದೆಯಿಂದ ಮಾಯವಾಗುತ್ತವೆ. ಯಂತ್ರದ ಸ್ಮೃತಿಗೆ ಅಷ್ಟು ಹೆಣಗಳನ್ನು ಹೊರುವ ಶಕ್ತಿಯಿಲ್ಲ. ಮಸ್ಕಿಯ ಗುಡ್ಡದ ಬಂಡೆ ಇದಕ್ಕೆ ತೀರ ವಿರುದ್ಧವಾದ ಸ್ಮೃತಿ. 1915ರಲ್ಲಿ ಚಿನ್ನದ ಗಣಿಗಳ ಶೋಧಕ್ಕೆ ಬಂದಿದ್ದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ‘ದೇವಾನಂಪಿಯ’ ಎಂಬ ಬಿರುದಿನ ಪಕ್ಕದಲ್ಲಿ ಅಶೋಕ ಎಂಬ ಹೆಸರು ಮೊಟ್ಟಮೊದಲಿಗೆ ದೊರೆಯಿತು. ಅದುವರೆಗೆ ಬಿರುದಿನ ಹಿಂದೆ ಮರೆಯಾಗಿದ್ದ ಅರಸನಿಗೆ ಮಸ್ಕಿಯು ಹೆಸರು ಕೊಟ್ಟಿತು. ಮಸ್ಕಿಯ ಬಂಡೆಯಲ್ಲಿ ಕಳಿಂಗದ ಮಾತಿಲ್ಲ, ಬಡವನೂ ಧರ್ಮದಿಂದ ಉನ್ನತಿಯನ್ನು ಪಡೆಯಬಹುದೆಂಬ ಮಾತಿದೆ. ಕಳಿಂಗದ ಲೆಕ್ಕ ಇರುವುದು ಅವನ ಹದಿಮೂರನೆಯ ಬಂಡೆ ಶಾಸನದಲ್ಲಿ: ಸೆರೆಯಾಗಿ ಹೋದವರು ಒಂದೂವರೆ ಲಕ್ಷ, ಹತರಾದವರು ಒಂದು ಲಕ್ಷ, ಬೇರೆ ರೀತಿಯಲ್ಲಿ ಸತ್ತವರು ಅದಕ್ಕೂ ಅನೇಕ ಪಟ್ಟು. ಗೆದ್ದ ಅರಸನೇ ಬರೆಯಿಸಿದ ಸಂಖ್ಯೆಗಳಿವು. ಅವುಗಳ ಪಕ್ಕದಲ್ಲಿ ಅವನು ತನ್ನ ಪಶ್ಚಾತ್ತಾಪವನ್ನೂ ಬರೆಯಿಸಿದ. ಆಟ ಮುಗಿದಾಗ ಪರದೆಯ ಮೇಲೆ ಮೂಡುವ ‘ಕಿಲ್’ಗಳ ಪಟ್ಟಿಯೂ ಸಂಖ್ಯೆಯೇ. ಅದು ಅಂಕ.

ಆದರೂ ಮೊದಲ ‘ಹೇಲೋ’ದ ಕೊನೆಯ ಅಧ್ಯಾಯಕ್ಕಾಗಿ ನಾನು ಅದರ ಎಷ್ಟೋ ಕೊರತೆಗಳನ್ನು ಮನ್ನಿಸಬಲ್ಲೆ. ಉಂಗುರವೆಂದರೇನೆಂದು ತಿಳಿಯದೆ ನಾಯಕನೇ ಅದರ ಕೀಲಿಯನ್ನು ತಂದು ಹಚ್ಚಲು ನಿಂತಿರುತ್ತಾನೆ. ಕೊನೆಯ ಕ್ಷಣದಲ್ಲಿ ಸಂಗಾತಿ ಕೊರ್ಟಾನಾ ತಡೆಯುತ್ತಾಳೆ. ಆಮೇಲೆ ಉಳಿದ ದಾರಿ ಒಂದೇ: ತಾವು ಬಂದ ಹಡಗನ್ನೇ ಸ್ಫೋಟಿಸಿ ಉಂಗುರವನ್ನು ಒಡೆಯುವುದು. ಆಟದುದ್ದಕ್ಕೂ ಪರರತ್ತ ಎಸೆದ ಕೈಬಾಂಬುಗಳನ್ನೂ ರಾಕೆಟ್ಟುಗಳನ್ನೂ ಈಗ ಸ್ವಂತ ಹಡಗಿನ ನಾಲ್ಕು ಇಂಜಿನುಗಳ ಬಾಯಿಗೆ ಎಸೆಯಬೇಕು. ನಂತರ ಗಡಿಯಾರ ಹಿಂದಕ್ಕೆ ಓಡತೊಡಗುತ್ತದೆ, ಉಳಿದಿರುವುದು ಕೆಲವೇ ನಿಮಿಷ. ಎದುರಿಗೆ ಕವೆನೆಂಟ್ ಪಡೆಯೂ ಫ್ಲಡ್ ಜೀವಿಗಳೂ ಒಂದನ್ನೊಂದು ಕೊಲ್ಲುತ್ತಿವೆ. ಅವುಗಳೊಡನೆ ಕಾದಲು ನಿಂತವನು ಸಾಯುತ್ತಾನೆ. ಓಡುವ ಜೀಪಿನ ಹಿಂಭಾಗದಲ್ಲಿ ದೊಡ್ಡದೊಂದು ಬಂದೂಕು ಇದೆ. ಅದನ್ನು ಹಿಡಿಯಲು ಯಾರೂ ಇಲ್ಲ, ಹುಡುಗನ ಎರಡು ಕೈಗಳೂ ಜೀಪನ್ನು ನಡೆಸುವುದರಲ್ಲಿವೆ.